ಎರಡು ಬಾವಿಯ ನೀರು: ಯಾವುದು ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಇಂದಿಗೂ ಅನೇಕ ಮನೆಗಳವರು ಬಾವಿಯ ನೀರನ್ನೇ ಕುಡಿಯುತ್ತಾರೆ. ಬಾವಿಯ ಸಮೀಪ ಶೌಚಾಲಯದ ಗುಂಡಿ ಇರುವುದೂ ಅಪರೂಪವಲ್ಲ. ಗುಂಡಿಯ ಕೊಳೆನೀರು ಮುರಕಲ್ಲಿನ ಸಂದುಗಳಲ್ಲಿ ಇಳಿದು ಬಾವಿ ಸೇರಿದರೆ ನೀರಿನಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಶಿಶುಗಳಿಗೆ ಇದು ಹೆಚ್ಚು ಅಪಾಯಕಾರಿ. ಭಾರತೀಯ ಮಾನಕ ಬ್ಯೂರೋ ನಿಗದಿಪಡಿಸಿದ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಗುಂಡಿಯ ಹತ್ತಿರದ ಒಂದು ಬಾವಿಯಲ್ಲಿ 38, ದೂರದ ಬಾವಿಯಲ್ಲಿ 21 ಎಂದು ವರದಿ ಬಂತು ಎನ್ನೋಣ. ಗುಂಡಿಯೇ ಕಾರಣ ಎಂದು ನೆರೆಮನೆಯವರನ್ನು ದೂರಬಹುದೇ? ಅವಸರ ಬೇಡ. ತೋಟದ ಗೊಬ್ಬರ, ದನದ ಕೊಟ್ಟಿಗೆ, ಮಳೆ ಇವುಗಳಿಂದಲೂ ಬಾವಿಯಿಂದ ಬಾವಿಗೆ ವ್ಯತ್ಯಾಸ ಬರುತ್ತದೆ.

ಇಲ್ಲಿ ಸಂಖ್ಯಾಶಾಸ್ತ್ರ ಒಂದು ದಾರಿ ತೋರಿಸುತ್ತದೆ. ಮೊದಲು, ಹತ್ತಿರ-ದೂರ ಎಂಬುದರಿಂದ ಯಾವ ವ್ಯತ್ಯಾಸವೂ ಇಲ್ಲ ಎಂದೇ ಇಟ್ಟುಕೊಳ್ಳಬೇಕು. ಇದನ್ನು ಶೂನ್ಯ ಕಲ್ಪನೆ ಎನ್ನುತ್ತಾರೆ. ಬಳಿಕ, ಅದು ನಿಜವಾದರೆ ನಮಗೆ ಸಿಕ್ಕಿದಂಥ ಅಂಕಿಗಳು ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಬೇಕು.

ಉದಾಹರಣೆಗೆ, ಹತ್ತಿರದ ನಾಲ್ಕು ಬಾವಿಗಳಲ್ಲಿ 38, 47, 52, 61. ದೂರದ ನಾಲ್ಕರಲ್ಲಿ 9, 12, 17, 21 ಇರಲಿ. ಈ ಎಂಟು ಅಂಕಿಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಕಣ್ಣು ಮುಚ್ಚಿ ನಾಲ್ಕನ್ನು ಎತ್ತಿರಿ. ಹೀಗೆ ಎತ್ತಲು 70 ವಿಧಗಳಿವೆ. ದೊಡ್ಡ ನಾಲ್ಕೂ ಒಟ್ಟಿಗೆ ಬರುವುದು ಒಂದೇ ವಿಧದಲ್ಲಿ. ಅಂದರೆ ಸಾಧ್ಯತೆ ಶೇಕಡಾ 1.4. ಶೇಕಡಾ 5ಕ್ಕಿಂತ ಕಡಿಮೆಯಿದ್ದರೆ ಶೂನ್ಯ ಕಲ್ಪನೆಯನ್ನು ಕೈಬಿಡುವುದು ವಾಡಿಕೆ. ಎರಡೆರಡೇ ಬಾವಿಗಳಾದರೆ ಸಾಧ್ಯತೆ ಆರರಲ್ಲಿ ಒಂದು. ಒಂದೊಂದೇ ಆದರೆ ಎರಡರಲ್ಲಿ ಒಂದು, ನಾಣ್ಯ ಚಿಮ್ಮಿದಂತೆ! ಇಂಗ್ಲೆಂಡಿನ ರೊನಾಲ್ಡ್ ಫಿಶರ್ 1935ರ ತಮ್ಮ ಪುಸ್ತಕದಲ್ಲಿ ಎಂಟು ಕಪ್ ಚಹಾ ಇಟ್ಟು ವಿವರಿಸಿದ್ದು ಇದೇ ಲೆಕ್ಕವನ್ನು. ಕಪ್ಪಿಗೆ ಮೊದಲು ಸುರಿದದ್ದು ಹಾಲೋ ಚಹಾವೋ ಎಂದು ರುಚಿಯಿಂದಲೇ ಹೇಳಬಲ್ಲೆ ಎಂದ ಮಹಿಳೆಯೊಬ್ಬರ ಪರೀಕ್ಷೆ ಅದು.

ಆದರೆ ಮೂರು ಎಚ್ಚರಿಕೆ ಅಗತ್ಯ. ಒಂದು, ಎಲ್ಲ ಬಾವಿಗಳ ನೀರನ್ನು ಒಂದೇ ದಿನ, ಒಂದೇ ರೀತಿಯಲ್ಲಿ ತೆಗೆದು ಒಂದೇ ಪ್ರಯೋಗಾಲಯಕ್ಕೆ ಕೊಡಬೇಕು. ದೂರು ಬಂದ ಬಾವಿಗಳನ್ನಷ್ಟೇ ಆರಿಸಬಾರದು. ಎರಡು, ವ್ಯತ್ಯಾಸ ಕಂಡುಬಂದರೂ ಗುಂಡಿಯೇ ಕಾರಣವೆಂದು ಅದರಿಂದಲೇ ಸಾಬೀತಾಗದು. ಹತ್ತಿರದ ಬಾವಿಗಳೆಲ್ಲ ಗೊಬ್ಬರ ಹಾಕಿದ ತೋಟದಲ್ಲೇ ಇರಬಹುದು. ಮೂರು, ವ್ಯತ್ಯಾಸ ಕಾಣಲಿಲ್ಲ ಎಂದರೆ ನೀರು ಶುದ್ಧವೆಂದು ಅರ್ಥವಲ್ಲ. 52 ಬಂದ ಬಾವಿಯ ನೀರನ್ನು ಮಗುವಿಗೆ ಕೊಡದಿರಲು ಯಾವ ಲೆಕ್ಕವೂ ಬೇಕಿಲ್ಲ. ಅದು ಮಿತಿ ಮೀರಿದೆ. ರೋಗಾಣುಗಳ ಪರೀಕ್ಷೆಯೂ ಬೇರೆಯೇ ಆಗಬೇಕು.

ಆದ್ದರಿಂದ ಒಂದು ಬಾಟಲಿಯ ವರದಿ ಹಿಡಿದು ನೆರೆಯವರೊಡನೆ ಜಗಳಕ್ಕಿಳಿಯುವ ಮೊದಲು, ವಾರ್ಡಿನವರೆಲ್ಲ ಕೂಡಿ ಇನ್ನಷ್ಟು ಬಾವಿಗಳ ನೀರನ್ನು ಪರೀಕ್ಷೆಗೆ ಕೊಡೋಣ. ಮಗುವಿನ ಆರೋಗ್ಯವೂ ಉಳಿದೀತು, ನೆರೆಹೊರೆಯ ಬಾಂಧವ್ಯವೂ ಉಳಿದೀತು.