ಕ್ಯಾಸೆಟ್ ಮಗುಚಿದಲ್ಲಿ ತುಂಡಾದ ಪದ್ಯ

ತಾಳಮದ್ದಳೆಯ ಕ್ಯಾಸೆಟ್ ಕೇಳಿದವರಿಗೆಲ್ಲ ಒಂದು ಸಂಕಟ ಗೊತ್ತು. ಭಾಗವತರು ಪದ್ಯ ಎತ್ತಿಕೊಂಡು, ಮದ್ದಳೆ ರಂಗೇರುವ ಹೊತ್ತಿಗೆ ಸರಿಯಾಗಿ ‘ಟಕ್’! ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಬದಿಗೆ ಮೂವತ್ತೇ ನಿಮಿಷ. ಮಗುಚಿ ಹಾಕಿದರೆ ಪದ್ಯ ಮುಗಿದು ಅರ್ಥ ಶುರುವಾಗಿರುತ್ತಿತ್ತು. ಮುಂದೆ ಸಿ.ಡಿ. ಕಾಲ ಬಂದಾಗ ಇಂಥ ಎಷ್ಟೋ ಕ್ಯಾಸೆಟ್ಟುಗಳು ಸಿ.ಡಿ.ಗೆ ಇಳಿದವು. ಇಳಿದದ್ದು ಮಾತ್ರ ಹಾಗೆಯೇ, ತುಂಡು ತುಂಡಾಗಿ.

ಶಿರಸಿ ತಾಲೂಕಿನ ನಮ್ಮ ಇಸಳೂರಿನ ಕಡೆ ಇಂಥ ಸಿ.ಡಿ. ಇಲ್ಲದ ಯಕ್ಷಗಾನಪ್ರಿಯರ ಮನೆ ಕಡಿಮೆ. ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಸಿ.ಡಿ. ಆಗಿನ್ನೂ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಚಿಟ್ಟಾಣಿಯವರು 2017ರಲ್ಲಿ, ನಮ್ಮದೇ ತಾಲೂಕಿನ ನೆಬ್ಬೂರು ನಾರಾಯಣ ಭಾಗವತರು 2019ರಲ್ಲಿ ಹೋದರು. ಉಳಿದಿರುವುದು ಧ್ವನಿ. ಅದನ್ನು ಹೊತ್ತಿರುವ, ಮನೆಯಲ್ಲೋ ಅಂಗಡಿಯಲ್ಲೋ ಬರೆಸಿದ ಸಿ.ಡಿ.ಯಲ್ಲಿ ಮಾಹಿತಿ ನಿಂತಿರುವುದು ತೆಳುವಾದ ಬಣ್ಣದ ಪದರವೊಂದರ ಮೇಲೆ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗದು. ಅಡಿಕೆಗೇ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ಅದರ ಪಾಡೇನು? ಹೊಸ ಲ್ಯಾಪ್‌ಟಾಪುಗಳಲ್ಲಂತೂ ಸಿ.ಡಿ. ಹಾಕುವ ಕಿಂಡಿಯೇ ಅಪರೂಪ. ಕಂಪ್ಯೂಟರಿಗೆ ಇಳಿಸುವುದಾದರೆ ಈಗಲೇ ಇಳಿಸಬೇಕು.

ಹಾಡಿನ ಸಿ.ಡಿ.ಯಲ್ಲಿರುವುದು ಬರೀ ಅಂಕಿಗಳ ಸಾಲು. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳುತ್ತದೆ. ಅದನ್ನು ಹಿಡಿಯಲು ಸೆಕೆಂಡಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಹಾಗಾಗಿ 44,100 ಸಲ ಅಳೆದಿರುತ್ತಾರೆ, ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟ್. ಗೀರು ಬಿದ್ದು ಓದಲಾಗದ ಕಡೆ ಯಂತ್ರ ಅಕ್ಕಪಕ್ಕದ ಅಂಕಿ ನೋಡಿ ಊಹಿಸಿ ತುಂಬಿಬಿಡುತ್ತದೆ, ನಮಗೆ ಹೇಳುವುದೂ ಇಲ್ಲ! ಆದ್ದರಿಂದ ‘ಎಕ್ಸಾಕ್ಟ್ ಆಡಿಯೋ ಕಾಪಿ’ಯಂಥ, ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುವ ತಂತ್ರಾಂಶ ಒಳ್ಳೆಯದು. ಕತ್ತರಿಸಿ ಜೋಡಿಸಲು ‘ಆಡಾಸಿಟಿ’ ಸಾಕು. ಮನೆಬಳಕೆಗೆ ಎರಡೂ ಉಚಿತ. (ಕೆಲವು ಸಿ.ಡಿ.ಗಳಲ್ಲಿ ಎಂಪಿ3 ಕಡತಗಳೇ ಇರುತ್ತವೆ. ಅವನ್ನು ಹಾಗೆಯೇ ನಕಲು ಮಾಡಿಕೊಂಡರಾಯಿತು.)

ಇಳಿಸಿದ್ದನ್ನು ಜೋಡಿಸಿ ಮುಗಿಯುವವರೆಗೆ ‘ವೇವ್’ ರೂಪದಲ್ಲೇ ಇಡಿ. ಎಂಪಿ3 ಎಂಬುದು 1,152 ಅಳತೆಗಳನ್ನು ಒಂದೊಂದು ಡಬ್ಬಿಗೆ ತುಂಬುವ ಲೆಕ್ಕ. ತುದಿಯ ಡಬ್ಬಿ ತುಂಬದಿದ್ದರೆ ಅಲ್ಲಿಗೆ ಮೌನ ಸುರಿಯುತ್ತದೆ. ಅಂಥ ಎರಡು ತುಂಡು ಸೇರಿಸಿದರೆ ನಡುವೆ ಕಣ್ಣು ಮಿಟುಕಿಸುವುದಕ್ಕಿಂತ ಸಣ್ಣ ಬಿಡುವು ಉಳಿಯಬಹುದು. ಮಾತಾದರೆ ಗೊತ್ತಾಗದು, ತಾಳ ಹಿಡಿದು ಕೇಳುವವರು ಕೂಡಲೇ ಮುಖ ಸಿಂಡರಿಸುತ್ತಾರೆ. ಜೋಡಿಸುವಾಗ ಧ್ವನಿಯ ಅಲೆ ನಡುಗೆರೆಯನ್ನು ದಾಟುವಲ್ಲಿ ಕತ್ತರಿಸಬೇಕು, ಇಲ್ಲವಾದರೆ ‘ಟಿಕ್’ ಎನ್ನುತ್ತದೆ.

ನಿಜವಾದ ಕಷ್ಟ ಇರುವುದು ಶ್ರುತಿಯಲ್ಲಿ. ಆಟದ ಜಾಗದಲ್ಲಿ ಬ್ಯಾಟರಿ ಟೇಪ್‌ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡವರು ಬಹಳ ಜನ. ರಾತ್ರಿ ಕಳೆದಂತೆ ಬ್ಯಾಟರಿ ಸೋತು ಟೇಪು ನಿಧಾನ ಓಡುತ್ತದೆ. ನಿಧಾನ ಓಡಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ಆವರ್ತನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಮಕ್ಕಳಿಗೆ ಕೊಡಲಾರೆ. ಸಂಜೆ ‘ಕಪ್ಪು ಒಂದು’ ಇದ್ದದ್ದು ಬೆಳಗಿನ ಜಾವಕ್ಕೆ ‘ಬಿಳಿ ಎರಡು’ ಆಗಿದ್ದರೆ ವೇಗ ಸುಮಾರು ಶೇ. 6 ಹೆಚ್ಚಾಗಿದೆ ಎಂದರ್ಥ. ಭಾಗವತರೇ ಏರಿಸಿದರೋ ಟೇಪು ಏರಿಸಿತೋ ಎಂಬ ಅನುಮಾನವಿದ್ದರೆ ಎದುರಾಳಿಗಳ ಮಾತು ಕೇಳಿ. ಅರ್ಥ ಹೇಳುವವರೆಲ್ಲರ ಗಂಟಲೂ ಒಟ್ಟಿಗೇ ಸಣ್ಣದಾಗಿ, ಮಾತು ಅವಸರಕ್ಕೆ ಬಿದ್ದಿದ್ದರೆ ದೋಷ ಟೇಪಿನದು. ಆಗ ಶ್ರುತಿಯೊಂದನ್ನೇ ಇಳಿಸದೆ ವೇಗವನ್ನೇ ಇಳಿಸಬೇಕು. ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಇನ್ನು ‘ಸದ್ದು ತೆಗೆಯುವ’ ಗುಂಡಿ. ಇದರ ಮೇಲೆ ನನಗೆ ಅಷ್ಟು ವಿಶ್ವಾಸವಿಲ್ಲ. ಒಂದೇ ಸಮನೆ ಕೇಳುವುದೆಲ್ಲ ಅದರ ಲೆಕ್ಕದಲ್ಲಿ ಕಸ. ಟೇಪಿನ ‘ಸ್ಸ್’ ಜೊತೆಗೆ ಶ್ರುತಿಪೆಟ್ಟಿಗೆಯ ನಾದವನ್ನೂ ನುಂಗಬಹುದು. ಕಸದ ಮಾದರಿ ತೋರಿಸುವಾಗ ಶ್ರುತಿ ಹಿಡಿಯುವುದಕ್ಕೂ ಮೊದಲಿನ ಖಾಲಿ ಜಾಗವನ್ನೇ ಆರಿಸಿ. ‘ಟಿಕ್’ ತೆಗೆಯುವ ಗುಂಡಿ ಇನ್ನೂ ಅಪಾಯ. ಥಟ್ಟನೆ ಎದ್ದು ಬೀಳುವ ಸದ್ದು ಗೀರಿನದೋ ಚಂಡೆಯ ಪೆಟ್ಟಿನದೋ ಅದಕ್ಕೇನು ಗೊತ್ತು? ಮೂಲ ಪ್ರತಿಯನ್ನು ಮುಟ್ಟದೆ ಬೇರೆ ಇಟ್ಟು, ಏನಿದ್ದರೂ ನಕಲಿನ ಮೇಲೆ ಮಾಡಿ.

ಇದು ಮನೆಮಂದಿ ಕೇಳುವ ಮಾತಾಯಿತು. ಕಂಪನಿಗಳ ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ ಹಕ್ಕು ಇರುತ್ತದೆ. ಅಂತರ್ಜಾಲಕ್ಕೆ ಏರಿಸುವ ಮೊದಲು ಒಪ್ಪಿಗೆ ಬೇಕು.

ಕೊನೆಗೆ ಕಡತದ ಹೆಸರು. ಕಂಪ್ಯೂಟರ್ ತಾನಾಗಿ ಕೊಡುವ ‘ಟ್ರ್ಯಾಕ್ 01’ ಯಾರಿಗೂ ಉಪಯೋಗವಿಲ್ಲ. ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ವರ್ಷ ಇಷ್ಟನ್ನು ಬರೆಯಿರಿ. ಗೊತ್ತಿಲ್ಲದಿದ್ದರೆ ಊರಿನ ಹಿರಿಯರ ಮುಂದೆ ಹತ್ತು ನಿಮಿಷ ನುಡಿಸಿ. ಕೃಷ್ಣನ ಅರ್ಥ ಯಾರದೆಂದು ಒಂದು ವಾಕ್ಯ ಕೇಳಿಯೇ ಹೇಳುವವರು ಇನ್ನೂ ಇದ್ದಾರೆ.