ಹಳೆಯ ಕಾರಿಗೆ ಅದೇ ಕಾಲದ ಹೀಟರ್

ಬೆಂಗಳೂರಿನ ಕಾರು ಮಾಲೀಕರಿಗೆ ಹೀಟರಿನ ನೆನಪಾಗುವುದು ಅಪರೂಪ. ಇಂಗ್ಲೆಂಡಿನ ಮಾತು ಬೇರೆ. ಅಲ್ಲಿಯ ಚಳಿಗಾಲದಲ್ಲಿ ಪ್ರಯಾಣಿಕರ ಉಸಿರಿನ ಆವಿ ಗಾಜಿಗೆ ಕವಿದು ಮುಂದಿನ ರಸ್ತೆಯೇ ಮಸುಕಾಗುತ್ತದೆ. ಹೀಗಿದ್ದೂ ಎರಡನೆಯ ಮಹಾಯುದ್ಧದ ನಂತರ ಅಲ್ಲಿ ತಯಾರಾದ ಅಗ್ಗದ ಕಾರುಗಳಲ್ಲಿ ಹೀಟರ್ ಕಡ್ಡಾಯ ಭಾಗವಾಗಿರಲಿಲ್ಲ. ಬೇಕಾದವರು ಹೆಚ್ಚಿನ ಹಣ ತೆತ್ತು ಹಾಕಿಸಿಕೊಳ್ಳಬೇಕಿತ್ತು. ಅಂಥ ಕಾರುಗಳನ್ನು ಇಂದಿಗೂ ಓಡಿಸುತ್ತಿರುವವರ ಮುಂದೆ ಒಂದು ಪ್ರಶ್ನೆಯಿದೆ: ಮೂಲದಲ್ಲಿ ಇಲ್ಲದ ಹೀಟರನ್ನು ಈಗ ಜೋಡಿಸಿದರೆ ಕಾರಿನ ಅಸಲಿತನ ಉಳಿಯುತ್ತದೆಯೇ?

ಮಾರಿಸ್ ಮೈನರ್ ಇದಕ್ಕೊಂದು ಒಳ್ಳೆಯ ನಿದರ್ಶನ. ಮುಂದೆ ‘ಮಿನಿ’ಯನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿದ ಈ ಕಾರು ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಅದರ ಮೊದಲ ಎಂಜಿನ್ನಿಗೆ ನೀರಿನ ಪಂಪೇ ಇರಲಿಲ್ಲ. ಕಾದ ನೀರು ಹಗುರವಾಗಿ ಮೇಲೇರಿ ರೇಡಿಯೇಟರಿಗೆ ಹೋಗುವುದು, ಅಲ್ಲಿ ತಣಿದು ಕೆಳಗಿಳಿದು ಮತ್ತೆ ಎಂಜಿನ್ ಸೇರುವುದು. ತಂಪಾಗಿಸುವ ವ್ಯವಸ್ಥೆ ಇಷ್ಟೇ. ಆ ನಿಧಾನಗತಿಯ ಹರಿವು ಹೀಟರಿನ ಸಣ್ಣ ಕೊಳವೆಗಳಲ್ಲಿ ನೀರನ್ನು ನೂಕಲಾರದು. 1950ರಲ್ಲಿ ಪಂಪ್ ಅಳವಡಿಸಿದ ಮೇಲಷ್ಟೇ ಕಂಪನಿಯು ಗ್ರಾಹಕರಿಗೆ ಹೀಟರಿನ ಆಯ್ಕೆ ನೀಡಲು ಸಾಧ್ಯವಾಯಿತು.

ಹಾಗಾಗಿ 1949ರ ಮೈನರ್ ಉಳ್ಳವರು ಹೀಟರ್ ಬೇಕೆಂದರೆ ಎಂಜಿನ್ನಿಗೇ ಕೈ ಹಾಕಬೇಕಾಗುತ್ತದೆ. ಪಂಪ್ ಬಂದೊಡನೆ ಆ ಕಾರು ತನ್ನ ವರ್ಷದ ಸಾಕ್ಷಿಯಾಗಿ ಉಳಿಯುವುದಿಲ್ಲ. 1951ರ ಕಾರಿಗೆ ಈ ತೊಡಕಿಲ್ಲ. ಮೊದಲ ಮಾಲೀಕ ಹಣ ಉಳಿಸಲು ಬೇಡವೆಂದದ್ದನ್ನು ಇಂದಿನ ಮಾಲೀಕ ತಂದು ಕೂರಿಸಿದರೆ ಚರಿತ್ರೆಗೆ ಅಪಚಾರವಾಗದು. ಎರಡು ವರ್ಷಗಳ ಅಂತರದಲ್ಲಿ ಒಂದೇ ಹೆಸರಿನ ಕಾರಿಗೆ ಉತ್ತರ ಬದಲಾಗುತ್ತದೆ.

ಆ ಕಾಲದ ಹೀಟರನ್ನು ಹುಡುಕುವುದೂ ಸುಲಭವಲ್ಲ. ಹ್ಯಾಂಪ್‌ಶೈರಿನ ಬ್ಯೂಲಿಯಲ್ಲಿ 1967ರಲ್ಲಿ ಆರಂಭವಾದ ಹಳೆಯ ಬಿಡಿಭಾಗಗಳ ಸಂತೆಯಂಥ ಕಡೆಗಳಲ್ಲಿ, ತುಕ್ಕು ಹಿಡಿದ ರಾಶಿಗಳ ನಡುವೆ, ಸ್ಮಿತ್ಸ್ ಕಂಪನಿಯ ಹೀಟರುಗಳು ಕಣ್ಣಿಗೆ ಬೀಳುವುದುಂಟು. ಹೊರಕವಚದ ಬಣ್ಣಕ್ಕೆ ಮರುಳಾಗುವಂತಿಲ್ಲ. ಪ್ರಾಣವಿರುವುದು ಒಳಗಿನ ಪುಟ್ಟ ರೇಡಿಯೇಟರಿನಲ್ಲಿ. ಹತ್ತಾರು ವರ್ಷಗಳ ಕಿಲುಬು ಕಟ್ಟಿಕೊಂಡು ಅದು ಮುಚ್ಚಿಹೋಗಿರಬಹುದು, ಬೆಸುಗೆ ಬಿಟ್ಟು ಸೋರುತ್ತಿರಬಹುದು. ನೀರು ಹಾಯಿಸಿ ತೊಳೆದು, ಮೆಲುವಾದ ಒತ್ತಡದಲ್ಲಿ ಪರೀಕ್ಷಿಸದೆ ಕಾರಿಗೆ ಜೋಡಿಸಿದರೆ ಕುದಿನೀರು ಕಾಲ ಮೇಲೆಯೇ ಸುರಿದೀತು.

ವಿದ್ಯುತ್ತಿನ ಲೆಕ್ಕ ಇನ್ನೊಂದು. ಆ ಕಾಲದ ಹಲವು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಕಾರಿನ ಮೈಗೆ ಜೋಡಿಸಲಾಗುತ್ತಿತ್ತು. ಇಂದಿನ ಪದ್ಧತಿ ಇದಕ್ಕೆ ವಿರುದ್ಧ. ಸುಟ್ಟ ಫ್ಯಾನ್ ಮೋಟಾರಿನ ಬದಲಿಗೆ ಶಾಶ್ವತ ಅಯಸ್ಕಾಂತದ ಹೊಸ ಮೋಟಾರನ್ನು ಯೋಚಿಸದೆ ಕೂರಿಸಿದರೆ ಅದು ತಿರುಗುಮುರುಗಾಗಿ ಸುತ್ತುತ್ತದೆ. ಅಂದಿನ ಡೈನಮೋದ ಶಕ್ತಿಯೂ ಕಡಿಮೆ. ಮಳೆಯ ರಾತ್ರಿಯಲ್ಲಿ ದೀಪ, ವೈಪರ್, ಹೀಟರ್ ಮೂರೂ ಒಟ್ಟಿಗೆ ನಡೆಯುತ್ತಿರುವಾಗ ಕಾರು ಸಿಗ್ನಲಿನಲ್ಲಿ ನಿಂತರೆ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ.

ಇಷ್ಟು ಪಾಡುಪಡುವ ಬದಲು ಆಧುನಿಕ ವಿದ್ಯುತ್ ಹೀಟರ್ ಹಾಕಬಾರದೇಕೆ ಎಂದು ಕೇಳಬಹುದು. ಶಾಖವನ್ನು ಪೂರ್ತಿಯಾಗಿ ವಿದ್ಯುತ್ತಿನಿಂದಲೇ ಪಡೆಯುವ ಹೊರೆಯನ್ನು ಆ ಡೈನಮೋ ತಾಳಲಾರದು. ಹಳೆಯ ಹೀಟರಾದರೋ ಎಂಜಿನ್ ಹೇಗೂ ಹೊರಚೆಲ್ಲುವ ಶಾಖವನ್ನೇ ಬಳಸುತ್ತದೆ, ವಿದ್ಯುತ್ತು ಬೇಕಾದದ್ದು ಫ್ಯಾನಿಗೆ ಮಾತ್ರ. ಅಂದಿನ ವಸ್ತು ಅಂದಿನ ಯಂತ್ರಕ್ಕೆ ಒಗ್ಗುವುದಕ್ಕೆ ಭಾವುಕತೆಯಾಚೆಗಿನ ಕಾರಣವೂ ಇದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ದ ಟ್ಯೂರಿನ್ ಸನ್ನದು ಇಂಥ ಸಂದರ್ಭಗಳಿಗೆ ದಾರಿ ತೋರುತ್ತದೆ. ವಾಹನ ರಸ್ತೆಯಲ್ಲಿ ಓಡುತ್ತಿರಬೇಕು, ಬದಲಾವಣೆ ಆದಷ್ಟು ಕಡಿಮೆಯಿರಬೇಕು, ಬೇಡವೆಂದಾಗ ಹಿಂದಿನ ಸ್ಥಿತಿಗೆ ಮರಳಿಸುವಂತಿರಬೇಕು, ಮಾಡಿದ್ದನ್ನು ದಾಖಲಿಸಬೇಕು ಎಂಬುದು ಅದರ ಸಾರ. ಮೈಗೆ ಹೊಸ ತೂತು ಕೊರೆಯದೆ ಹೀಟರ್ ಕೂರಿಸಿ, ಯಾವ ವರ್ಷ ಎಲ್ಲಿಂದ ತಂದು ಹಾಕಿದ್ದೆಂದು ಬರೆದಿಟ್ಟರೆ ಈ ಆಶಯ ಈಡೇರುತ್ತದೆ.

ಈ ಚರ್ಚೆಯಲ್ಲಿ ನಮಗೂ ಪಾಲಿದೆ. 1950ರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇದೇ ಮೈನರನ್ನು ‘ಬೇಬಿ ಹಿಂದೂಸ್ತಾನ್’ ಎಂಬ ಹೆಸರಿನಲ್ಲಿ ಭಾರತದಲ್ಲಿ ಮಾರಿತ್ತು. ಕೇಂದ್ರ ಸರ್ಕಾರ 2021ರಲ್ಲಿ ಪ್ರಕಟಿಸಿದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಕ್ಕಷ್ಟೇ ‘ವಿಂಟೇಜ್’ ಮಾನ್ಯತೆ. ಮುಖ್ಯ ಭಾಗಗಳಿಗೆ ಕಾನೂನಿನ ಕಾವಲು ಉಂಟು. ಹೀಟರ್, ದೀಪ, ಸೀಟಿನ ಬಟ್ಟೆಯಂಥ ಚಿಕ್ಕ ಸಂಗತಿಗಳ ಹೊಣೆ ಬಹುಮಟ್ಟಿಗೆ ಮಾಲೀಕರದೇ. ಹಳೆಯ ಕಾರನ್ನು ಚಳಿಗಾಲವಿಡೀ ಶೆಡ್ಡಿನಲ್ಲಿ ಮುಚ್ಚಿಟ್ಟರೆ ತೇವಕ್ಕೆ ಕಬ್ಬಿಣ ತಿಂದುಹೋಗುತ್ತದೆ. ಹೊರಗೆ ತೆಗೆದು ಓಡಿಸಬೇಕಾದರೆ ಕೂರುವವರಿಗೆ ತುಸು ಬೆಚ್ಚಗಿರಬೇಕು, ಗಾಜಿನಾಚೆಗಿನ ದಾರಿ ಕಾಣಬೇಕು.