ನೀಲಿ ಹಣ್ಣಿನ ಕಂದು ಮಣಿ

ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕಿನ ಗ್ರಂಧಿಗೆ ಅಂಗಡಿಗಳಲ್ಲಿ ಊದುಬತ್ತಿ, ಕರ್ಪೂರ, ಗೆಜ್ಜೆವಸ್ತ್ರಗಳ ಪಕ್ಕ ಜಪಮಾಲೆಗಳೂ ತೂಗಾಡುತ್ತವೆ. ಕಂದು ರುದ್ರಾಕ್ಷಿ, ಕಪ್ಪು ಕಮಲಾಕ್ಷಿ, ತಿಳಿಬಣ್ಣದ ತುಳಸಿ. ಶೈವರದು ಮೊದಲನೆಯದು, ಐದನೇ ಬ್ಲಾಕಿನ ರಾಯರ ಮಠಕ್ಕೆ ಹೋಗುವವರ ಕೊರಳಲ್ಲಿ ಕಾಣುವುದು ಹೆಚ್ಚಾಗಿ ಉಳಿದೆರಡು. ತುಳಸಿ ಮಣಿ ಬೀಜವೇ ಅಲ್ಲ, ಒಣಗಿದ ಕಾಂಡವನ್ನು ಕಡೆದು ಮಾಡಿದ್ದು. ಕಮಲಾಕ್ಷಿ ಮಾತ್ರ ತಾವರೆಯ ಬೀಜ. ಅದರ ಸಿಪ್ಪೆ ಎಷ್ಟು ಬಿಗಿಯೆಂದರೆ, ಚೀನಾದ ಬತ್ತಿದ ಕೆರೆಯೊಂದರಲ್ಲಿ ಸಿಕ್ಕ ಸುಮಾರು 1300 ವರ್ಷ ಹಳೆಯ ಬೀಜ ಮೊಳಕೆಯೊಡೆದಿದೆ. ಹುಳು ಹಿಡಿಯದ ಮಣಿ ಬೇಕೆಂದವರು ಕೆರೆಗಿಳಿದದ್ದರಲ್ಲಿ ಆಶ್ಚರ್ಯವೇನಿಲ್ಲ.

ರುದ್ರಾಕ್ಷಿಯ ಕತೆ ಉದ್ದ. ತ್ರಿಪುರ ಸಂಹಾರದ ಹೊತ್ತಿನಲ್ಲಿ ರುದ್ರನ ಕಣ್ಣೀರು ಬಿದ್ದಲ್ಲಿ ಮರ ಹುಟ್ಟಿತು ಎನ್ನುತ್ತದೆ ಪುರಾಣ. ವೀರಶೈವರ ಅಷ್ಟಾವರಣಗಳಲ್ಲಿ ವಿಭೂತಿ, ಮಂತ್ರಗಳ ಜೊತೆ ಅದೂ ಒಂದು. ಆದರೆ ಮರದಲ್ಲಿ ಕಂದು ಬಣ್ಣದ ಸುಳಿವೇ ಇರುವುದಿಲ್ಲ. ಹಣ್ಣು ಮಿರಮಿರ ಮಿಂಚುವ ನೀಲಿ. ಆ ನೀಲಿಯೂ ಬಣ್ಣದ ರಸದಿಂದ ಬಂದದ್ದಲ್ಲ, ಸಿಪ್ಪೆಯ ಸೂಕ್ಷ್ಮ ಪದರಗಳು ಬೆಳಕಿನೊಡನೆ ಆಡುವ ಆಟ ಎಂದು ಸಸ್ಯವಿಜ್ಞಾನಿ ಡೇವಿಡ್ ಲೀ 1991ರಲ್ಲಿ ತೋರಿಸಿಕೊಟ್ಟರು. ಹಣ್ಣನ್ನು ನೀರಲ್ಲಿ ನೆನೆಹಾಕಿ, ತಿರುಳನ್ನು ಉಜ್ಜಿ ತೆಗೆದರೆ ಉಳಿಯುವ ಗೊರಟೆಯೇ ಮಣಿ.

ಭಕ್ತರು ಎಣಿಸುವ ಮುಖಗಳು, ಅಂದರೆ ಮಣಿಯ ಮೇಲಿನ ಗೀರುಗಳು, ಹೂವಿನ ಅಂಡಾಶಯದಲ್ಲೇ ತೀರ್ಮಾನವಾಗಿರುತ್ತವೆ. ಗೊರಟೆಯನ್ನು ಅಡ್ಡ ಕೊಯ್ದರೆ ಐದು ಗೀರಿಗೆ ಐದು ಗೂಡು. ಕೆಲವದರಲ್ಲಿ ಬೀಜ, ಕೆಲವು ಖಾಲಿ. ಈ ಮರಕ್ಕೆ ಐದೇ ಸಹಜ, ಹಾಗಾಗಿ ಪಂಚಮುಖಿ ಅಗ್ಗ. ಅಪರೂಪದ ಮುಖಗಳಿಗೆ ಬೆಲೆ ಏರಿದ್ದೇ ತಡ, ಗೀರು ಕೊರೆಯುವವರೂ ಎರಡು ಮಣಿ ಅಂಟಿಸುವವರೂ ಹುಟ್ಟಿಕೊಂಡರು. ನೀರಲ್ಲಿ ಮುಳುಗಿದರೆ ಅಸಲಿ ಎಂಬ ಪರೀಕ್ಷೆಯನ್ನು ನೆಚ್ಚಬೇಡಿ. ಚೆನ್ನಾಗಿ ಒಣಗಿದ ಅಸಲಿ ತೇಲಬಹುದು, ಒಳಗೆ ಸೀಸ ತುಂಬಿದ ನಕಲಿ ಮುಳುಗಬಹುದು. ಎಕ್ಸ್-ರೇ ತೆಗೆಸಿ ಗೂಡು ಎಣಿಸುವುದೇ ಮೇಲು; ಪಂಚಮುಖಿಗೆ ಆ ಖರ್ಚು ದಂಡ.

ದಪ್ಪ ಮಣಿ ಬರುವುದು ನೇಪಾಳದಿಂದ. 108 ಮಣಿ, ಮೇಲೊಂದು ಮೇರು ಸೇರಿಸಿ ಪೋಣಿಸುವ ಜಪಮಾಲೆಗೆ ಬೇಕಾದ ಸಣ್ಣ ಮಣಿ ಹೆಚ್ಚಾಗಿ ಇಂಡೊನೇಷ್ಯಾದ್ದು. ನಮ್ಮ ಪಶ್ಚಿಮ ಘಟ್ಟದಲ್ಲೂ ಇದೇ ಕುಲದ ಮರವಿದೆ, ಅದನ್ನೂ ರುದ್ರಾಕ್ಷಿ ಎಂದೇ ಕರೆಯುತ್ತಾರೆ. ಅದರ ಗೊರಟೆ ಚಪ್ಪಟೆ, ಮುಖ ಎರಡೇ. ಬೆರಳ ತುದಿಯಲ್ಲಿ ಉರುಳುವ ಗುಂಡು ಮಣಿ ಬೇಕೆಂದರೆ ಜಯನಗರದವರೂ ಹೆಚ್ಚಾಗಿ ಹೊರದೇಶದಿಂದ ಬಂದದ್ದನ್ನೇ ಕೊಳ್ಳಬೇಕು.